ಬೇಕರಿಯ ಗಾಜು

ನಾನು ಕಚೇರಿಯ ಬೀಗ ತೆಗೆಯುವಾಗಲೇ ಅತ್ತಿಗೆ ಮೆಟ್ಟಿಲ ಮೇಲೆ ನಿಂತಿದ್ದರು. ಕೈಯಲ್ಲಿ ಬ್ರೆಡ್ಡಿನ ಪೊಟ್ಟಣ. ಒಳಗೆ ಬಂದು, ಕುರ್ಚಿ ತೋರಿಸಿದರೂ ಕೂರದೆ, "ನಿಮ್ಮ ಹುಡುಗ ಷರತ್ತು ಮುರಿದಿದ್ದಾನೆ ಮೇಡಂ" ಎಂದರು.

ನನ್ನ ಹುಡುಗ ಎಂದರೆ ಅವರ ಮೈದುನ. ತೆಳ್ಳಗಿದ್ದ, ಬೇಗ ಹೊತ್ತಿಕೊಳ್ಳುತ್ತಿದ್ದ. ಬೀದಿಯವರೆಲ್ಲ ಅವನನ್ನು ಕಡ್ಡಿ ಎನ್ನುತ್ತಿದ್ದರು, ಬೆಂಕಿಕಡ್ಡಿಯ ಕಡ್ಡಿ. ಅವನ ಬಾಯಲ್ಲಿ ಕೇಳಿ ಕೇಳಿ ನನಗೂ ಆಕೆ ಅತ್ತಿಗೆಯೇ ಆಗಿಬಿಟ್ಟಿದ್ದರು. ನಾನು ಪ್ರೊಬೇಷನ್ ಅಧಿಕಾರಿ. ಕಡ್ಡಿ ನನ್ನ ಮೇಲ್ವಿಚಾರಣೆಯಲ್ಲಿದ್ದ.

ಅಣ್ಣ ತಮ್ಮ ಇಬ್ಬರದೂ ಒಂದೇ ಗಾಜಿನಂಗಡಿ, ಅಪ್ಪನಿಂದ ಬಂದದ್ದು. ಆಳೆತ್ತರದ ಗಾಜನ್ನು ಒಬ್ಬ ಹೊರಲಾರ. ಇಬ್ಬರು ಬೇಕು, ಒಬ್ಬನ ಹೆಜ್ಜೆ ಇನ್ನೊಬ್ಬನ ಹೆಜ್ಜೆಗೆ ಕೂಡಬೇಕು. ಮೀಸೆ ಮೂಡುವ ಮೊದಲಿನಿಂದ ಅವರಿಬ್ಬರೇ ಹೊತ್ತಿದ್ದರು. ಆಮೇಲೆ ಅಣ್ಣ ತನ್ನ ಭಾವಮೈದುನನನ್ನು, ಅಂದರೆ ಅತ್ತಿಗೆಯ ತಮ್ಮನನ್ನು, ಅಂಗಡಿಗೆ ಸೇರಿಸಿಕೊಂಡ. ಮನುಷ್ಯ ಒಳ್ಳೆಯವನೇ, ಆದರೆ ಗಾಜನ್ನು ಕೊಡೆ ಹಿಡಿದ ಹಾಗೆ ಹಿಡಿಯುತ್ತಾನೆ ಎಂದು ಕಡ್ಡಿಯ ತಕರಾರು. ಒಂದು ಮಧ್ಯಾಹ್ನ ಮಾತಿಗೆ ಮಾತು ಬೆಳೆಯಿತು. ಕಡ್ಡಿ ಅಣ್ಣನನ್ನು ತಳ್ಳಿದ. ಅಣ್ಣ ಬಿದ್ದದ್ದು ಗಾಜುಗಳನ್ನು ಸಾಲಾಗಿ ಒರಗಿಸಿಟ್ಟಿದ್ದ ಚೌಕಟ್ಟಿನ ಮೇಲೆ. ಮುಂಗೈಯ ನರ ಕತ್ತರಿಸಿತು. ಗಾಯವೇನೋ ಮಾಯಿತು. ಬಲಗೈಯ ಕೊನೆಯ ಎರಡು ಬೆರಳು ಮಾತ್ರ ಆಮೇಲೆ ಮಡಚಲಿಲ್ಲ.

ಕೋರ್ಟಿನಲ್ಲಿ ಕಡ್ಡಿ ತಪ್ಪೊಪ್ಪಿಕೊಂಡ. ಶಿಕ್ಷೆ ಹೇಳುವ ಮೊದಲು ನ್ಯಾಯಾಧೀಶರು ನನ್ನ ವರದಿ ಕೇಳಿದರು. ಅಪರಾಧಿಯ ಮನೆಗೆ ಹೋಗುವುದು, ಅಕ್ಕಪಕ್ಕದಲ್ಲಿ ವಿಚಾರಿಸುವುದು, ಇವನನ್ನು ಜೈಲಿಗೆ ಕಳಿಸುವುದು ಮೇಲೋ ಅಥವಾ ಜನರ ನಡುವೆಯೇ ಇಟ್ಟು ನೋಡುವುದು ಮೇಲೋ ಎಂದು ಹೇಳುವುದು ನನ್ನ ಕೆಲಸ. ಬಾಯಿ ಜೋರು, ಕೈ ಎತ್ತಿದ್ದು ಇದೇ ಮೊದಲು ಎಂದು ಬರೆದೆ. ಸದ್ಯಕ್ಕೆ ಅಣ್ಣ ತಮ್ಮ ದೂರವಿರಲಿ ಎಂದೂ ಬರೆದೆ. ಅದು ಅತ್ತಿಗೆಯ ಒತ್ತಾಯವಾಗಿತ್ತು, ನ್ಯಾಯವಾದ ಒತ್ತಾಯ. ನ್ಯಾಯಾಧೀಶರು ಎರಡು ವರ್ಷದ ಪ್ರೊಬೇಷನ್ ಕೊಟ್ಟರು. ವಾರಕ್ಕೊಮ್ಮೆ ನನ್ನೆದುರು ಹಾಜರಾಗಬೇಕು, ದುಡಿದು ತಿನ್ನಬೇಕು. ಕೋರ್ಟಿನ ಅನುಮತಿಯಿಲ್ಲದೆ ಅಣ್ಣನನ್ನು ಕಾಣಕೂಡದು, ಮಾತಾಡಿಸಕೂಡದು, ಅಂಗಡಿಯ ಹೊಸಿಲು ತುಳಿಯಕೂಡದು. ತಪ್ಪಿದರೆ ಜೈಲು.

"ನಿನ್ನನ್ನ ಬಿಟ್ಟಿಲ್ಲ, ನಂಬಿದ್ದೀನಿ. ಎರಡೂ ಬೇರೆ ಬೇರೆ" ಎಂದು ನ್ಯಾಯಾಧೀಶರು ಕಡ್ಡಿಗೆ ಹೇಳಿದರು.

ಅವನ ತಾಯಿ ಮಗನನ್ನು ಬಿಟ್ಟರು ಎಂದುಕೊಂಡು ಕಣ್ಣೊರೆಸಿಕೊಂಡರು. ಅತ್ತಿಗೆಯೂ ಬಿಟ್ಟರು ಎಂದೇ ತಿಳಿದರು. ತಳ್ಳಿದವನು ಮನೆಗೆ, ಬಿದ್ದವನು ಆಸ್ಪತ್ರೆಗೆ, ಇದ್ಯಾವ ಸೀಮೆಯ ನ್ಯಾಯ ಎಂದು ಹೊರಗೆ ನನ್ನನ್ನು ಕೇಳಿದ್ದರು. ಶಿಕ್ಷೆ ಹೋಗಿಲ್ಲ, ತಡೆದು ನಿಲ್ಲಿಸಿದ್ದಾರೆ, ಅವನು ನೆಟ್ಟಗೆ ನಡೆಯುವಷ್ಟು ದಿನವೂ ಅದು ಅಲ್ಲೇ ನಿಂತಿರುತ್ತದೆ ಎಂದು ವಿವರಿಸಿದೆ. ಅವರಿಗೆ ಸಮಾಧಾನವಾಗಲಿಲ್ಲ. ಆಗಬೇಕೆಂದು ನಾನೂ ನಿರೀಕ್ಷಿಸಿರಲಿಲ್ಲ.

ಅದಾಗಿ ಒಂದು ವರ್ಷ ಸರಿದಿತ್ತು. ಕಡ್ಡಿ ತಾಯಿಯೊಂದಿಗೆ ಬಾಡಿಗೆಯ ಕೋಣೆಯಲ್ಲಿದ್ದ. ದೇವರ ಪಟ, ಫೋಟೊಗಳಿಗೆ ಕಟ್ಟು ಹಾಕುವ ಅಂಗಡಿಯಲ್ಲಿ ಅಂಗೈಯಗಲದ ಗಾಜು ಕತ್ತರಿಸುತ್ತಿದ್ದ. ಒಂದು ವಾರವೂ ನನಗೆ ತಪ್ಪಿಸಿರಲಿಲ್ಲ.

ಷರತ್ತು ಮುರಿದದ್ದು ಹೇಗೆ ಗೊತ್ತಾಯಿತು ಎಂದು ಅತ್ತಿಗೆಯನ್ನು ಕೇಳಿದೆ. ಅವರು ಬ್ರೆಡ್ಡಿನ ಪೊಟ್ಟಣವನ್ನು ಮೇಜಿನ ಮೇಲಿಟ್ಟರು. ಬೇಕರಿಯ ಮುಂಗಟ್ಟಿಗೆ ಹೋದ ವಾರ ಹೊಸ ಗಾಜು ಕೂರಿಸಿದ್ದಾರೆ. ಕೂರಿಸಿದ್ದು ಅವರ ಗಂಡ ಮತ್ತು ತಮ್ಮ. ಈ ಬೆಳಗ್ಗೆ ಬ್ರೆಡ್ಡು ತರಲು ಹೋದಾಗ ಆಕೆ ಗಾಜು ಅಲುಗದಂತೆ ಅದರ ಸುತ್ತ ಮೆತ್ತುವ ಪುಟ್ಟಿಯನ್ನು ನೋಡಿದರು. ಎಲ್ಲರೂ ಪುಟ್ಟಿಯನ್ನು ಎರಡು ಕಡೆಯಿಂದ ಚಾಕುವಿನಲ್ಲಿ ಎಳೆದು ಮೂಲೆಯಲ್ಲಿ ಕೂಡಿಸಿ ಬಿಡುತ್ತಾರೆ. ಕಡ್ಡಿ ಬಿಡುವುದಿಲ್ಲ. ಮೂಲೆಗೆ ಬಂದಾಗ ಹೆಬ್ಬೆರಳ ಬೆನ್ನಿನಿಂದ ಒತ್ತಿ, ಓರೆಯಾಗಿ ಒಂದು ಸಣ್ಣ ಎಸಳು ಎಬ್ಬಿಸುತ್ತಾನೆ. ಅಪ್ಪ ಕಲಿಸಿದ್ದಲ್ಲ, ಅಣ್ಣ ಮಾಡುವುದಲ್ಲ, ಅವನದೇ ಒಂದು ಚಪಲ.

"ಮದುವೆಯಾಗಿ ಬಂದಾಗಿಂದ ಆ ಮೂಲೆ ನೋಡಿದ್ದೀನಿ. ನಮ್ಮನೆ ಕಿಟಕಿ ಎಲ್ಲ ಅದೇ. ನಮ್ಮವರನ್ನ ಕೇಳಿದರೆ ಭಾವಮೈದುನ ಎಳೆದದ್ದು ಅಂತಾರೆ. ನನ್ನ ತಮ್ಮ ಮೂಲೆ ಎಳೆದರೆ ಇಲಿ ಕಡಿದ ಹಾಗಿರುತ್ತೆ ಮೇಡಂ, ನನಗೆ ಗೊತ್ತಿಲ್ವಾ?"

ನಾನೇನು ಮಾಡಬೇಕು ಎಂದು ನೀವು ಬಯಸುತ್ತೀರಿ ಎಂದು ಕೇಳಿದೆ. ಅದು ನಿಮ್ಮ ಕೆಲಸ ಎಂದರು. ಹೊರಟವರು ಬಾಗಿಲಲ್ಲಿ ತಿರುಗಿ, ನಿಮ್ಮ ಯಜಮಾನರು ಏನು ಮಾಡಿಕೊಂಡಿದ್ದಾರೆ ಎಂದು ನನ್ನನ್ನು ವಿಚಾರಿಸಿದರು. ತೀರಿಕೊಂಡರು ಎಂದೆ. ಹಾಗೆಂದಾಗ ಜನ ಸಾಮಾನ್ಯವಾಗಿ ದನಿ ತಗ್ಗಿಸುತ್ತಾರೆ. ಅತ್ತಿಗೆ ತಗ್ಗಿಸಲಿಲ್ಲ.

"ನಮ್ಮವರು ದಿನಾ ಬೆಳಗ್ಗೆ ಅಂಗಿ ಗುಂಡಿ ಹಾಕಿಸ್ಕೊಳ್ಳೋಕೆ ನನ್ನ ಮುಂದೆ ಬಂದು ನಿಲ್ತಾರೆ. ಕತ್ತೆತ್ತಿ ನಿಲ್ತಾರೆ, ಮಗು ನಿಂತ ಹಾಗೆ. ಅದನ್ನ ನಾನು ಮರೀಬೇಕಾ?"

ಬೇಡ ಎಂದೆ. ಅವರು ಬ್ರೆಡ್ಡು ತೆಗೆದುಕೊಂಡು ಹೋದರು.

ಬೇಕರಿಗೆ ಹೋದೆ. ಗಾಜು ದೊಡ್ಡದಿತ್ತು, ನನ್ನ ತಲೆಗಿಂತ ಎತ್ತರ. ಕೆಳಗಿನ ಎರಡು ಮೂಲೆಗಳಲ್ಲಿ ಪುಟ್ಟಿ ಎಸಳಿನಂತೆ ಬಾಗಿತ್ತು. ಒಂದು ಮೂಲೆಯ ಪಕ್ಕದಲ್ಲಿ ಯಾರೋ ಎರಡು ಸಲ ಎಳೆದು ತಪ್ಪಿ, ಅಳಿಸಿದ ಗುರುತೂ ಇತ್ತು.

ಬೇಕರಿಯವನಿಗೆ ಕೋರ್ಟಿನ ಸಂಗತಿ ಗೊತ್ತಿರಲಿಲ್ಲ. ಅವನು ಊರಿನ ಈ ಭಾಗಕ್ಕೆ ಹೊಸಬ. ಗಾಜಿನವರು ಹೇಗೆ ಎಂದು ಕೇಳಿದ್ದೇ ತಡ, ಹೊಗಳಲು ಶುರುಮಾಡಿದ. ಮೊದಲು ಇಬ್ಬರು ವ್ಯಾನಿನಿಂದ ಗಾಜು ಇಳಿಸಿದರಂತೆ. ಹಿಂದಿನವನು ಕಾಲುದಾರಿಯ ಅಂಚು ಎಡವಿದ. ಮುಂದಿದ್ದ ದೊಡ್ಡವನ ಕೈಯಿಂದ ಗಾಜು ಜಾರತೊಡಗಿತು. ಅವನ ಬೆನ್ನಿಗೆ ಗೋಡೆ, ಹಿಂದೆ ಸರಿಯಲು ಜಾಗವಿಲ್ಲ. ಅಷ್ಟರಲ್ಲಿ ರಸ್ತೆಯ ಆಚೆ ಬದಿಯಿಂದ ಒಬ್ಬ ಸಣಕಲ, ಕಂಕುಳಲ್ಲಿದ್ದ ಪಟವನ್ನು ಅಲ್ಲೇ ಒಗೆದು ಓಡಿಬಂದು, ಗಾಜಿನ ಕೆಳಗೆ ಹೆಗಲು ಕೊಟ್ಟ. ಆಮೇಲೆ ಎಡವಿದವನು ಬದಿಗೆ ನಿಂತ, ಇವರಿಬ್ಬರೇ ಹೊತ್ತರು.

"ಒಂದು ಮಾತಿಲ್ಲ ಮೇಡಂ. ಎತ್ತು ಅಂತಿಲ್ಲ, ಇಳಿಸು ಅಂತಿಲ್ಲ. ಗಾಜು ತಾನಾಗೇ ನಡ್ಕೊಂಡು ಬಂದು ಕೂತ ಹಾಗಿತ್ತು. ನೀವಿಬ್ರೂ ಅಣ್ಣ ತಮ್ಮನಾ ಅಂತ ಕೇಳಿದೆ. ಇಬ್ರೂ ಕಿವುಡರ ಹಾಗೆ ನಿಂತ್ರು."

ಬೀಳುವ ಗಾಜಿಗೆ ಕೈ ಒಡ್ಡಬಾರದು, ಗಾಜಿನ ಕೆಲಸದವರಿಗೆ ಇದು ಮೊದಲ ಪಾಠ. ಬಿಟ್ಟು ಹಿಂದಕ್ಕೆ ನೆಗೆಯಬೇಕು. ಗಾಜು ಹೋದರೆ ಹೋಗಲಿ. ಕಡ್ಡಿಗೆ ಅದು ಗೊತ್ತಿರಲಿಲ್ಲವೆಂದಲ್ಲ. ಓಡಿಬಂದು ಅಣ್ಣನನ್ನು ಉಳಿಸಿದ್ದನ್ನು ಯಾವ ನ್ಯಾಯಾಧೀಶರೂ ಕ್ಷಮಿಸುತ್ತಾರೆ. ಆದರೆ ಉಳಿಸಿದವನು ಹೊರಟುಹೋಗಲಿಲ್ಲ. ಗಾಜು ಕೂರಿಸಿ, ಪುಟ್ಟಿ ತುಂಬಿ, ಮೂಲೆ ಎಳೆದು, ಒಂದು ಕೆಲಸದ ಹೊತ್ತೆಲ್ಲ ಅಲ್ಲೇ ಇದ್ದ. ಅದಕ್ಕಿಂತ ಹೆಚ್ಚಾಗಿ, ಆಮೇಲೆ ನನ್ನೆದುರು ಹಾಜರಾದಾಗ ವಿಶೇಷವೇನಾದರೂ ಉಂಟೇ ಎಂದು ಕೇಳಿದ್ದೆ. ಏನಿಲ್ಲ ಎಂದಿದ್ದ.

ಅವನ ಕೋಣೆಗೆ ಹೋದೆ. ತಾಯಿ ಒಬ್ಬರೇ ಇದ್ದರು. ಬೇಕರಿ ಎಂಬ ಮಾತು ನನ್ನ ಬಾಯಿಂದ ಬರುವ ಮೊದಲೇ, ಆವತ್ತು ಮಗನಿಗೆ ಮೈಸುಡುವ ಜ್ವರ, ಹಾಸಿಗೆ ಬಿಟ್ಟು ಏಳಲಿಲ್ಲ ಎಂದರು. ಯಾವತ್ತು ಎಂದು ಕೇಳಿದೆ. ನೀವು ಕೇಳೋಕೆ ಬಂದಿರೋ ದಿನ ಎಂದರು. ಆಮೇಲೆ ತಮಗೇ ನಾಚಿಕೆಯಾಗಿ ಸೆರಗಿನ ಅಂಚು ತಿರುವುತ್ತ ಕೂತರು. ನನಗೆ ಇಬ್ಬರೂ ಎರಡು ಕಣ್ಣು ಎಂದರು.

"ಒಂದೇ ಮುಖದಲ್ಲಿದ್ದೂ ಎರಡು ಕಣ್ಣು ಒಂದನ್ನೊಂದು ನೋಡೋ ಹಾಗಿಲ್ಲ ಅಂತ ನೀವು ಬರೆಸಿಬಿಟ್ರಿ, ತಾಯಿ."

ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ಅಲ್ಲಿಂದ ಗಾಜಿನಂಗಡಿ. ಅಣ್ಣ ಎಡಗೈಯಲ್ಲಿ ಅಳತೆಪಟ್ಟಿ ಹಿಡಿದು ಕನ್ನಡಿಯೊಂದನ್ನು ಅಳೆಯುತ್ತಿದ್ದ. ಭಾವಮೈದುನ ನನ್ನನ್ನು ಕಂಡವನೇ ನೀರು ತರುತ್ತೇನೆಂದು ಒಳಗೆ ಹೋದ, ಮತ್ತೆ ಹೊರಗೆ ಬರಲಿಲ್ಲ. ಬೇಕರಿಯ ಕೆಲಸ ಯಾರು ಮಾಡಿದ್ದು ಎಂದು ಅಣ್ಣನನ್ನು ಕೇಳಿದೆ. ನಾವೇ ಎಂದ. ತಮ್ಮ? ಅವನಿಗೆ ಆವತ್ತು ಹಲ್ಲುನೋವಂತೆ, ಯಾರೋ ಹೇಳಿದರು ಎಂದ.

ಒಬ್ಬರು ಜ್ವರ ಎನ್ನುತ್ತಾರೆ, ಒಬ್ಬರು ಹಲ್ಲುನೋವು. ಮಾತಾಡಕೂಡದೆಂಬ ಷರತ್ತನ್ನು ಈ ಮನೆಯವರು ಪಾಲಿಸಿದ್ದಾರೆ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಒಂದು ಸುಳ್ಳನ್ನೂ ಅವರಿಂದ ಕೂಡಿ ಹೇಳಲಾಗಿರಲಿಲ್ಲ.

ಅಣ್ಣನಿಗೆ ಇದನ್ನು ಹೇಳಲಿಲ್ಲ. ಹೊರಡುವಾಗ ಅವನೇ ನನ್ನ ಹಿಂದೆ ಬಾಗಿಲವರೆಗೆ ಬಂದ. ಅಂಗಡಿಯ ಮಹಡಿಯ ಮೇಲೇ ಇದ್ದ ತನ್ನ ಮನೆಗೆ ಕೇಳಿಸದಂತೆ, ಮೆಲ್ಲಗೆ, "ಅವನನ್ನ ಒಳಗೆ ಹಾಕ್ತಾರಾ?" ಎಂದು ಕೇಳಿದ. ಹಾಕಬಹುದು ಎಂದೆ. ಅವನು ಮಡಚದ ಎರಡು ಬೆರಳನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡು ನಿಂತ.

ಪಟದ ಕಟ್ಟಿನಂಗಡಿಯ ಹಿಂಭಾಗದಲ್ಲಿ ಕಡ್ಡಿ ಕೆಲಸ ಮಾಡುತ್ತಿದ್ದ. ಗಾಜಿನ ಮೇಲೆ ಗೆರೆ ಕೊರೆಯುತ್ತಿದ್ದವನನ್ನು ಮಾತಾಡಿಸಬಾರದೆಂದು ಕಾದೆ. ಗೆರೆ ಮುಗಿಸಿ, ಮೇಜಿನ ಅಂಚಿಗೆ ತಂದು ಒತ್ತಿದ. ಗಾಜು ಗೆರೆಯ ಉದ್ದಕ್ಕೂ ಸಲೀಸಾಗಿ ಮುರಿಯಿತು. ಆಮೇಲೆ ಅವನು ನನ್ನನ್ನು ನೋಡಿದ. ಹಾಜರಾತಿಯ ದಿನವಲ್ಲವಲ್ಲ ಎಂದ.

"ನಿನಗೆ ಜ್ವರ ಅಂತ ನಿಮ್ಮಮ್ಮ. ಹಲ್ಲುನೋವು ಅಂತ ನಿಮ್ಮಣ್ಣ. ಯಾವುದಪ್ಪಾ?"

ನಗು ಅವನ ಕೈಮೀರಿ ಬಂತು. ಬಂದಷ್ಟೇ ಬೇಗ ಹೋಯಿತು. ಕೈಗೆ ಹತ್ತಿದ್ದ ಗಾಜಿನ ಹುಡಿಯನ್ನು ಪಂಚೆಯಂಥ ಒಂದು ಹಳೇ ಬಟ್ಟೆಗೆ ಬಹಳ ಹೊತ್ತು ಒರೆಸಿದ. ಯಾರು ಹೇಳಿದ್ದು ಎಂದು ಕೇಳಿದ. ನಿನ್ನ ಮೂಲೆ ಹೇಳಿತು ಎಂದೆ. ಅತ್ತಿಗೆ ನೋಡಿದರಾ ಎಂದ. ಹೌದು ಎಂದೆ. ತಲೆಯಾಡಿಸಿದ. ಅತ್ತಿಗೆಯ ಮೇಲೆ ಸಿಟ್ಟಿನ ಒಂದು ಮಾತೂ ಬರಲಿಲ್ಲ. ಅದನ್ನು ನಾನು ಗಮನಿಸಿದೆ.

ಗಾಜು ಹಿಡಿದದ್ದು ಸರಿ, ಉಳಿದದ್ದೇಕೆ, ಅಷ್ಟಾದ ಮೇಲೆ ಹೊರಟುಬಿಡಬಹುದಿತ್ತಲ್ಲ ಎಂದು ಕೇಳಿದೆ.

"ಹೊರಟಿದ್ದೆ ಮೇಡಂ. ಪಟ ಎತ್ಕೊಂಡೂ ಆಗಿತ್ತು. ಅಣ್ಣ ಪುಟ್ಟಿ ಎಳೀತಾ ಮೂಲೆಗೆ ಬಂದ. ಚಾಕು ಜಾರಿತು. ಅಳಿಸಿ ಮತ್ತೆ ಎಳೆದ, ಮತ್ತೆ ಜಾರಿತು. ಅವನ ಬೆರಳು ಮಡಚಲ್ಲ. ಮಡಚದ ಹಾಗೆ ಮಾಡಿದ್ದು ನಾನು. ನನ್ನ ಕಡೆ ತಿರುಗಿ ನೋಡಲಿಲ್ಲ ಅವನು. ಚಾಕುವಿನ ಹಿಡಿ ಹಿಂದಕ್ಕೆ ಚಾಚಿದ, ಅಷ್ಟೇ."

"ತಗೊಂಡೆ."

"ತಗೊಳ್ಳದೆ ಇರೋದು ಹೇಗೆ, ನೀವೇ ಹೇಳಿ."

ಮೂಲೆಯನ್ನಾದರೂ ಎಲ್ಲರ ಹಾಗೆ ಎಳೆದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅದು ಅವನಿಗೆ ಹೊಳೆದೇ ಇರಲಿಲ್ಲವಂತೆ. ಕೈ ತನ್ನ ಪಾಡಿಗೆ ಎಳೆಯಿತು ಎಂದ.

ನಾನು ವಿಷಯ ಬಿಡಿಸಿ ಹೇಳಿದೆ. ಇದರ ವರದಿ ನಾಳೆ ಕೋರ್ಟಿಗೆ ಹೋಗುತ್ತದೆ. ಕರೆ ಬರುತ್ತದೆ. ಪ್ರೊಬೇಷನ್ ಎಂದರೆ ಎಡವಲೇಬಾರದು ಎಂದಲ್ಲ, ಎಡವಿದವನು ಎಲ್ಲಿ ಎಡವಿದೆ ಎಂದು ಬಂದು ಹೇಳಬೇಕು, ಅದಕ್ಕೇ ನಾನಿರುವುದು. ಷರತ್ತು ಮೀರಿದ್ದನ್ನು ನ್ಯಾಯಾಧೀಶರು ತೂಗಿ ನೋಡಬಹುದು. ಮುಚ್ಚಿಟ್ಟರೆ ಅವರು ನಂಬಿದ್ದಕ್ಕೆ ಅರ್ಥವಿಲ್ಲ.

"ನಾನೇ ಹೇಳಿದ್ರೆ ನೆಟ್ಟಗೆ ಒಳಗೆ ಹೋಗ್ತೀನಿ" ಎಂದ.

"ಹೋಗಬಹುದು. ನೀನು ಹೇಳದಿದ್ರೆ ನನ್ನ ವರದಿ ಹೇಳುತ್ತೆ. ಆಗ ಖಂಡಿತ ಹೋಗ್ತೀಯ."

ಅಮ್ಮನ ಗತಿ ಏನು ಎಂದು ಕೇಳಿದ. ಅದಕ್ಕೆ ನಾನು ಸಮಾಧಾನದ ಮಾತು ಹೇಳಲಿಲ್ಲ, ಇಲ್ಲದ್ದನ್ನು ಹೇಳಿ ಅಭ್ಯಾಸವಿಲ್ಲ. ಅವನು ಮುಂದಿನ ಗಾಜನ್ನು ಎತ್ತಿಕೊಂಡ, ಹಾಗೇ ಕೆಳಗಿಟ್ಟ.

ವಿಚಾರಣೆಯ ದಿನ ಎಲ್ಲರೂ ಬಂದಿದ್ದರು. ತಾಯಿ ಒಂದು ಬೆಂಚಿನಲ್ಲಿ, ಅಣ್ಣ ಅತ್ತಿಗೆ ಇನ್ನೊಂದರಲ್ಲಿ, ಭಾವಮೈದುನ ಬಾಗಿಲ ಹತ್ತಿರ, ಬೇಕಾದರೆ ಓಡಬಹುದಾದ ಜಾಗದಲ್ಲಿ. ಫ್ಯಾನು ತಿರುಗುತ್ತಿತ್ತು, ಗಾಳಿ ಬರುತ್ತಿರಲಿಲ್ಲ. ಸರ್ಕಾರಿ ವಕೀಲರು, ಷರತ್ತು ಮುರಿದದ್ದು ಸ್ಪಷ್ಟ, ಪ್ರೊಬೇಷನ್ ರದ್ದು ಮಾಡಿ ಶಿಕ್ಷೆ ವಿಧಿಸಬೇಕು ಎಂದು ಕೇಳಿ ಕೂತರು. ನನ್ನ ವರದಿ ನ್ಯಾಯಾಧೀಶರ ಮುಂದಿತ್ತು, ಆದರೆ ಅವರು ಅದನ್ನು ತೆರೆಯಲಿಲ್ಲ. ಏನಾಯಿತು ಎಂದು ಕಡ್ಡಿಯನ್ನೇ ಕೇಳಿದರು.

ಕಡ್ಡಿ ಒಮ್ಮೆ ತಾಯಿಯ ಕಡೆ ನೋಡಿದ. ಆಮೇಲೆ ಎಲ್ಲವನ್ನೂ ಹೇಳಿದ. ಓಡಿಬಂದದ್ದು, ಹೊತ್ತದ್ದು, ಹೊರಟದ್ದು, ಉಳಿದದ್ದು. ಅಣ್ಣ ಚಾಕು ಚಾಚಿದ ಎಂಬುದನ್ನು ಮಾತ್ರ ಬಿಟ್ಟುಬಿಟ್ಟ. ತಾನೇ ಅಣ್ಣನ ಕೈಯಿಂದ ತೆಗೆದುಕೊಂಡೆ ಎಂದ. ಮೇಡಂ ಕೇಳಿದಾಗ ಏನಿಲ್ಲ ಎಂದು ಸುಳ್ಳು ಹೇಳಿದೆ, ಹೆದರಿದ್ದೆ ಎಂದ.

ಆಗ ಅಣ್ಣ ಎದ್ದು ನಿಂತ. ಯಾರೂ ಕರೆದಿರಲಿಲ್ಲ. ಗುಮಾಸ್ತರು ಕೂರುವಂತೆ ಸನ್ನೆ ಮಾಡಿದರೂ ಕೂರಲಿಲ್ಲ.

"ಅವನು ತಗೊಂಡಿದ್ದಲ್ಲ ಸ್ವಾಮಿ. ನಾನು ಕೊಟ್ಟಿದ್ದು."

ಅತ್ತಿಗೆ ಗಂಡನ ಕಡೆ ತಿರುಗಿ ನೋಡಿದರು. ಆ ನೋಟವನ್ನು ನಾನು ವರ್ಣಿಸಲಾರೆ. ಒಂದು ವರ್ಷ ದಿನಾ ಗುಂಡಿ ಹಾಕಿದ ಅಂಗಿಯನ್ನು ಯಾರೋ ಕೇಳದೆ ಬಿಚ್ಚಿದ ಹಾಗಿತ್ತು.

ನ್ಯಾಯಾಧೀಶರು ಅವರನ್ನೇ ಕರೆದರು. ದೂರವಿರಬೇಕೆಂಬ ಷರತ್ತು ನಿಮ್ಮ ಕೋರಿಕೆಯಿಂದ ಬಂದದ್ದು, ಅದರ ಬಗ್ಗೆ ನಿಮ್ಮ ಮಾತು ಕೇಳದೆ ನಾನು ಏನೂ ಮಾಡುವುದಿಲ್ಲ ಎಂದರು. ಅತ್ತಿಗೆ ಕಟಕಟೆಯ ಹತ್ತಿರ ಬಂದು ನಿಂತರು. ಜೈಲಿಗೆ ಕಳಿಸಿ ಎಂದಿದ್ದರೆ ಅದು ಅವರ ಹಕ್ಕೆಂದು ನಾನು ತಿಳಿಯುತ್ತಿದ್ದೆ. ಕಡ್ಡಿಯೂ ಹಾಗೇ ತಿಳಿದಿದ್ದನೆಂದು ಕಾಣುತ್ತದೆ, ತಲೆ ತಗ್ಗಿಸಿಕೊಂಡಿದ್ದ.

"ನಾನು ಕ್ಷಮಿಸಿಲ್ಲ" ಎಂದರು ಅತ್ತಿಗೆ. "ಅದನ್ನ ಮೊದಲು ಬರ್ಕೊಳ್ಳಿ."

ಬರೆದುಕೊಂಡೆವು ಎಂದರು ನ್ಯಾಯಾಧೀಶರು.

"ಆದರೆ ನನ್ನ ತಮ್ಮನ ಕೈಗೆ ಗಾಜು ಕೊಟ್ಟರೆ ನಮ್ಮವರದು ಇನ್ನೊಂದು ಕೈಯೂ ಹೋಗುತ್ತೆ."

ಬಾಗಿಲ ಹತ್ತಿರದಿಂದ ಭಾವಮೈದುನ, ಅಕ್ಕಾ, ಎಂದ. ಕೋರ್ಟಿನಲ್ಲಿ ಸಣ್ಣಗೆ ನಗು ಹರಡಿತು. ಅತ್ತಿಗೆ ನಗಲಿಲ್ಲ.

"ಇವನು ಅಂಗಡಿಗೆ ಬರಲಿ. ಗಾಜು ಹೊರಲಿ, ಕೂರಿಸಲಿ. ಮಹಡಿ ಹತ್ತೋದು ಬೇಡ. ನನ್ನ ಮನೆಯಲ್ಲಿ ಅವನು ಕೂತು ಉಣ್ಣೋದನ್ನ ಈಗಲೇ ನೋಡೋಕೆ ನನ್ನ ಕೈಲಾಗಲ್ಲ. ಇವರು ಬಂದು ನೋಡ್ತಾ ಇರಲಿ" ಎಂದು ನನ್ನ ಕಡೆ ತೋರಿಸಿದರು.

ನ್ಯಾಯಾಧೀಶರು ಪ್ರೊಬೇಷನ್ ರದ್ದು ಮಾಡಲಿಲ್ಲ. ನಾಳೆಯಿಂದ ಕೆಲಸದ ಹೊತ್ತಿನಲ್ಲಿ ಅಂಗಡಿಯಲ್ಲಿರಬಹುದು, ಅಣ್ಣನೊಡನೆ ಮಾತಾಡಬಹುದು, ಮೇಲಿನ ಮನೆಗೆ ಹೋಗಕೂಡದು. ಅವಧಿ ಆರು ತಿಂಗಳು ಹೆಚ್ಚು. ಗಾಜು ಹೊತ್ತದ್ದಕ್ಕಲ್ಲ, ಏನಿಲ್ಲ ಎಂದದ್ದಕ್ಕೆ ಎಂದು ಅವರು ಬಿಡಿಸಿ ಹೇಳಿದರು. ಕಡ್ಡಿ ಕೈ ಮುಗಿದ. ಹೊರಗೆ ಬರುತ್ತ, ಇನ್ನೂ ಆರು ತಿಂಗಳು ನನ್ನ ಮುಖ ನಿಮಗೆ ತಪ್ಪಲಿಲ್ಲ ಮೇಡಂ ಎಂದು ನನಗೆ ಹೇಳಿದ. ನನ್ನ ಹಣೆಬರಹ ಎಂದೆ. ನಾನು ತಮಾಷೆ ಮಾಡಿದ್ದು ಎಷ್ಟೋ ಕಾಲಕ್ಕೆ.

ಕೋರ್ಟಿನ ಮೆಟ್ಟಿಲ ಮೇಲೆ ಅವನು ಅಣ್ಣ ಅತ್ತಿಗೆಗೆ ದಾರಿ ಬಿಟ್ಟು ಗೋಡೆಗೆ ಒರಗಿ ನಿಂತ. ಅಣ್ಣ ನೆಲ ನೋಡುತ್ತ ಇಳಿದುಹೋದ. ತಾಯಿ ಅವನ ಹಿಂದೆ ಎರಡು ಮೆಟ್ಟಿಲಿಳಿದು, ಇವನತ್ತ ತಿರುಗಿ, ಮತ್ತೆ ಅವನತ್ತ ತಿರುಗಿ, ಕೊನೆಗೆ ಹಿರಿಯವನ ತೋಳು ಹಿಡಿದುಕೊಂಡು ಹೊರಟರು. ಅತ್ತಿಗೆ ಮಾತ್ರ ಕಡ್ಡಿಯ ಎದುರು ನಿಂತರು. ಮುಖ ನೋಡಲಿಲ್ಲ, ಕಾಲು ನೋಡಿದರು.

"ನಾಳೆ ಈ ಹವಾಯಿ ಚಪ್ಪಲೀಲಿ ಬರಬೇಡ. ಬೂಟು ಹಾಕ್ಕೊಂಡು ಬಾ. ಇನ್ನೊಬ್ಬರನ್ನ ಆಸ್ಪತ್ರೆಗೆ ಸಾಗಿಸೋಕೆ ನನಗೆ ಪುರುಸೊತ್ತಿಲ್ಲ."

"ಆಯ್ತು ಅತ್ತಿಗೆ" ಎಂದ ಕಡ್ಡಿ. ಅಷ್ಟರಲ್ಲಿ ಅವರು ಇಳಿದುಬಿಟ್ಟಿದ್ದರು.

ನಾನು ಅವನಿಗಾಗಿ ಕಾದೆ. ಅವನು ಹೆಜ್ಜೆ ಕೀಳಲಿಲ್ಲ. ಅಣ್ಣ ಅಷ್ಟರಲ್ಲಿ ಗೇಟಿನ ಹತ್ತಿರ ನಿಂತು ತಾಯಿಯ ಚೀಲವನ್ನು ಎಡಗೈಗೆ ವರ್ಗಾಯಿಸಿಕೊಳ್ಳುತ್ತಿದ್ದ. ಹೋಗಿ ಮಾತಾಡಿಸಬಾರದೇ, ಯಾರೂ ಏನೂ ಅನ್ನುವುದಿಲ್ಲ ಎಂದು ಹೇಳಬೇಕೆನಿಸಿತು. ಹೇಳಲಿಲ್ಲ, ಅದು ನಾನು ಹೇಳಬಹುದಾದ ಮಾತಲ್ಲ.

"ಆದೇಶ ನಾಳೆಯಿಂದ ಅಲ್ವಾ ಮೇಡಂ" ಎಂದು ಅವನೇ ಹೇಳಿ, ಅವರು ಮೂವರೂ ತಿರುವು ದಾಟುವವರೆಗೆ ಮೆಟ್ಟಿಲ ಮೇಲೆ ಕೂತ. ನಾನೂ ಕೂತೆ.